ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಡ್ರೈವ್

ವಾಗ್ದೇವಿಯದು ಮರ್ಯಾದಸ್ಥ ಮನೆತನ. ಐದು ತಲೆಮಾರು ಹೊಳೆದಂಡೆಯ ಆಶ್ರಮದ ತಾಳೆಗರಿಗಳನ್ನು ಕಾಯ್ದವರು. ಓದು ಮುಗಿದೊಡನೆ ಗ್ರಂಥವನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸುವುದು ಅವರ ಪದ್ಧತಿ. ಅವರ ಕೈಯಲ್ಲಿ ಒಂದು ಗರಿಯೂ ಕಳೆದದ್ದಿಲ್ಲ.

ವಾಗ್ದೇವಿ ಆ ಗರಿಗಳನ್ನು ಓದಿ ಕಂಪ್ಯೂಟರಿಗೆ ಏರಿಸುತ್ತಿದ್ದಳು. ಅದರೊಳಗಿನ ಡಿಸ್ಕ್ ಕೆಟ್ಟಾಗ ಗುರುಗಳು ಬೆಂಕಿಪೊಟ್ಟಣದಷ್ಟು ದೊಡ್ಡ ಎಸ್‌ಎಸ್‌ಡಿ ಡ್ರೈವ್ ಒಂದನ್ನು ತಂದು, ಹೊರಗಿನಿಂದಲೇ ವೈರು ಸಿಕ್ಕಿಸಿದರು. ಪರದೆ ಬೆಳಗಿತು.

"ಇದು ಏನು ಮಾಡುತ್ತದೆ, ಗುರುಗಳೇ?"

"ನೋಡುತ್ತಿರು."

ಒಂದು ಬೆಳಿಗ್ಗೆ ಕೆಲಸ ಮುಗಿಸಿ, ಬರೆದದ್ದನ್ನು ಸೇವ್ ಮಾಡಿ ಎದ್ದಾಗ, ಹೊರಗೆ ನೇತಾಡುತ್ತಿದ್ದ ಡ್ರೈವ್ ಅವಳ ಕಣ್ಣಿಗೆ ಚುಚ್ಚಿತು. ಕಂಪ್ಯೂಟರ್ ನಡೆಯುತ್ತಿರುವಾಗಲೇ ಅದನ್ನು ಕಿತ್ತು, ಕೆಂಪು ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ಹೂ ಬಿಡಿಸಲು ಹೋದಳು.

ಮರಳಿ ಬಂದರೆ ಪರದೆಯ ಮೇಲೆ ಏನೂ ಅಲುಗಾಡದು. ಕೋಣೆಯಲ್ಲಿ ಕೆಲಸಕ್ಕೆ ಹೊಸದಾಗಿ ಸೇರಿದ ನೀಲವ್ವ ಪೊರಕೆ ಹಿಡಿದು ನಿಂತಿದ್ದಳು.

"ಏನು ಮಾಡಿದೆ?"

"ಕಸ ಹೊಡದೆರಿ, ಅಕ್ಕಾರ. ಅದನ್ನ ಮುಟ್ಟಿಲ್ರಿ."

"ಕಸ ಹೊಡೆದರೆ ಪರದೆ ಕಲ್ಲಾಗುತ್ತದೆಯೇ? ಮೊನ್ನೆ ಬಂದವರಿಗೆ ಇಲ್ಲಿಯದರ ಬೆಲೆ ಏನು ಗೊತ್ತು? ನಾಳೆಯಿಂದ ಬರಬೇಡ."

ನೀಲವ್ವ ಪೊರಕೆಯನ್ನು ಮೂಲೆಗಿಟ್ಟು ದೋಣಿಕಟ್ಟೆಯ ಕಡೆ ನಡೆದಳು.

ಹೊರಗಿನಿಂದಲೇ ಆ ಮಾತು ಕೇಳಿಸಿಕೊಂಡ ಗುರುಗಳು ಒಳಗೆ ಬಂದರು. "ಡ್ರೈವ್ ಎಲ್ಲಿ?"

"ಭದ್ರವಾಗಿದೆ. ಪೆಟ್ಟಿಗೆಯಲ್ಲಿದೆ."

ಗುರುಗಳು ಗಂಟು ಬಿಚ್ಚಿದರು. ನಿಂತುಹೋದ ಕಂಪ್ಯೂಟರಿನತ್ತ ಹೋಗದೆ, ಅತಿಥಿಗಳ ಕೋಣೆಯ ಕಂಪ್ಯೂಟರಿಗೆ ಅದನ್ನು ಸಿಕ್ಕಿಸಿ ಗುಂಡಿ ಒತ್ತಿದರು. ಅದೇ ಪರದೆ ಮೂಡಿತು. ಬೆಳಿಗ್ಗೆ ಅವಳು ಬರೆದಿದ್ದ ಕೊನೆಯ ಸಾಲೂ ಅಲ್ಲಿತ್ತು.

ವಾಗ್ದೇವಿ ಬಗ್ಗಿ ನೋಡಿದಳು. "ನನ್ನ ಕಂಪ್ಯೂಟರ್ ಇಲ್ಲಿಗೆ ಹೇಗೆ ಬಂತು?"

"ಎಲ್ಲಿಂದಲೂ ಬರಲಿಲ್ಲ. ನಿನ್ನ ಬರಹವೂ, ಯಂತ್ರವನ್ನು ನಡೆಸುವ ವ್ಯವಸ್ಥೆಯೂ ಇದರಲ್ಲೇ ಇದ್ದವು."

"ನಾನು ಇದನ್ನು ಬರೇ ತುಂಬಿಡುವ ಪೆಟ್ಟಿಗೆ ಎಂದುಕೊಂಡೆ. ಹೊರಗೆ ನೇತಾಡುತ್ತಿತ್ತಲ್ಲ."

"ಉಸಿರೂ ಹೊರಗಿನಿಂದಲೇ ಬರುತ್ತದೆ. ಅದನ್ನೂ ಗಂಟು ಕಟ್ಟಿ ಇಡುತ್ತೀಯಾ?"

"ಹಾಗಾದರೆ ಕಂಪ್ಯೂಟರ್ ನಿಲ್ಲಿಸಿದ್ದು..."

ಗುರುಗಳು ಕೆಂಪು ಬಟ್ಟೆಯನ್ನು ಕೈಗೆತ್ತಿಕೊಂಡರು.

"ನಾನು ಪದ್ಧತಿ ಬಿಡಲಿಲ್ಲ, ಗುರುಗಳೇ. ನಮ್ಮ ಮನೆತನದಲ್ಲಿ ಯಾರೂ ಇದುವರೆಗೆ..."

ಗುರುಗಳು ಬಟ್ಟೆಯನ್ನು ಮಡಿಸಿ ಅವಳ ಕೈಗಿತ್ತರು. ಕಿಟಕಿಯಾಚೆ, ಹೊಳೆಯ ಮೇಲೆ ದೋಣಿ ಈಚೆ ದಡಕ್ಕೆ ಬರುತ್ತಿತ್ತು. ಕಟ್ಟೆಯ ಮೇಲೆ ನೀಲವ್ವ ಸೆರಗು ಬಿಗಿದು ಎದ್ದು ನಿಂತಳು.

"ಹೋಗಿ ಅವಳ ಕ್ಷಮೆ ಕೇಳು."