ಹಾಕಿದವನೇ ತೆಗೆಯಬೇಕಾದ ಬೀಗ

ಡಂಗುರದವನು ತಮಟೆ ಬಡಿದಾಗ ಹೊಂಗೆಪುರದ ಜನ ಬಾಗಿಲಲ್ಲೇ ನಿಂತು ಕೇಳಿದರು. "ರಾಣಿ ಬೊಮ್ಮಾಂಬೆಯವರ ಅಪ್ಪಣೆ. ಮೂರು ಒಗಟು ಬಿಡಿಸಿದವರು ಬೇಡಿದ್ದನ್ನು ಕೊಡಲಾಗುವುದು. ತಪ್ಪಿದವರಿಗೆ ಅಮಾವಾಸ್ಯೆಯ ದಿನ ತಲೆದಂಡ."

ಅರಮನೆಯ ಗಿರಣಿ ನಿಂತು ಬಹಳ ಕಾಲವಾಗಿತ್ತು. ರಾಣಿಯ ಒಬ್ಬನೇ ಮಗ ಸೋಮರಾಜ, ಅರಸುಮಗನಾದರೂ ಕೈಗೆಲ್ಲ ಗ್ರೀಸು ಮೆತ್ತಿಕೊಂಡು ಯಂತ್ರ ಬಿಚ್ಚುತ್ತಿದ್ದವನು, ಕರೆಂಟಿನ ಪೆಟ್ಟಿಗೆಯ ಮುಂದೆಯೇ ಸತ್ತುಬಿದ್ದಿದ್ದ. ರಿಪೇರಿಗೆ ಕೈ ಹಾಕುವ ಮುಂಚೆ ಮೇನ್ ಸ್ವಿಚ್ ಇಳಿಸಿ, ಬೇರೆ ಯಾರೂ ಏರಿಸದಂತೆ ಅದಕ್ಕೆ ತನ್ನ ಬೀಗ ಜಡಿದಿದ್ದ. ಹಾಕಿದವನೇ ತೆಗೆಯಬೇಕು, ಅದು ಆ ಕಸುಬಿನ ಕಟ್ಟಳೆ. ಕೀಲಿ ಈಗ ರಾಣಿಯ ಕೊರಳಲ್ಲಿತ್ತು, ಬೀಗ ಮಾತ್ರ ಹಾಗೇ ಇತ್ತು. ಗಿರಣಿ ನಿಂತ ಮೇಲೆ ಊರಲ್ಲಿ ಒಲೆ ಉರಿಯುತ್ತದೆಯೇ? ಮಕ್ಕಳು ಗಂಜಿಗೂ ಬಾಯಿ ಬಿಡುವಂತಾಯಿತು.

ಒಗಟುಗಳು ಬಾಯಿಂದ ಬಾಯಿಗೆ ಹರಡಿದವು. ಮೋಟಾರಿಗೆ ತಂತಿ ಸುತ್ತುವ ತಿಮ್ಮೇಶಿ, ಸೋಮರಾಜನ ಹೆಗಲಿಗೆ ಹೆಗಲು ಕೊಟ್ಟು ದುಡಿದವನು, ಅವನ್ನು ಕೇಳಿ ಸುಮ್ಮನೆ ಒಳಗೆ ಹೋಗಿ ಕೂತ. ಉತ್ತರ ಅವನಿಗೆ ಗೊತ್ತಿತ್ತು. ಹೆತ್ತವಳ ಎದುರು ಅದನ್ನು ಹೇಳಲು ನಾಲಿಗೆ ಏಳಬೇಕಲ್ಲ.

ಕುದುರೆ ಏರಿ ಬಂದ ಸಾಮಂತನ ಮಗ ಮೊದಲನೆಯದಕ್ಕೇ ಮುಗ್ಗರಿಸಿದ. ಗಾಣದ ಯಜಮಾನ ಎರಡನೆಯದಕ್ಕೆ ತಪ್ಪಿದ. ತಿಮ್ಮೇಶಿಯ ಅಣ್ಣ ಕರಿಬಸಪ್ಪ, ಅದೇ ಗಿರಣಿಯ ಫಿಟ್ಟರು, ಎರಡನ್ನೂ ದಾಟಿ ಮೂರನೆಯದಕ್ಕೆ "ಸುತ್ತಿಗೆ ಹಿಡಿದವನು" ಅಂದುಬಿಟ್ಟ. ರಾಣಿ ಮುಖ ತಿರುಗಿಸಿದಳು. ಭಟರು ಅವನನ್ನೂ ಸೆರೆಮನೆಗೆ ನೂಕಿದರು.

ಇನ್ನು ಸುಮ್ಮನಿದ್ದರೆ ಅಣ್ಣನ ತಲೆ ಹೋಗುತ್ತದೆ. ತಿಮ್ಮೇಶಿ ಅರಮನೆಯ ಮೆಟ್ಟಿಲು ಹತ್ತಿದ.

"ಸತ್ತದ್ದು, ಆದರೂ ಮುಟ್ಟಿದವರನ್ನು ಕೊಲ್ಲುತ್ತದೆ. ಅದೇನು?" ಎಂದು ರಾಣಿ ಕೇಳಿದಳು.

"ಕೆಪಾಸಿಟರು, ತಾಯಿ. ಸ್ವಿಚ್ ಇಳಿಸಿದರೂ ಕುಡಿದ ಕರೆಂಟನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿರುತ್ತದೆ. ಸ್ವಲ್ಪ ಹೊತ್ತು ಬಿಟ್ಟು, ಅದನ್ನು ಬರಿದು ಮಾಡಿ ಆಮೇಲೆ ಮುಟ್ಟಬೇಕು."

"ತಂತಿಯನ್ನು ಅನುಮಾನಿಸುವ ಮುಂಚೆ ಯಾರನ್ನು ಅನುಮಾನಿಸಬೇಕು?"

"ಕರೆಂಟು ಇದೆಯೇ ಎಂದು ತೋರಿಸುವ, ನನ್ನ ಕೈಯಲ್ಲಿರುವ ಮೀಟರನ್ನು. ಅದು ಸರಿಯಿದೆಯೇ ಎಂದು ಕರೆಂಟಿನ ಜೀವವಿರುವ ತಂತಿಗೆ ಮೊದಲು ಹಿಡಿದು ನೋಡಬೇಕು, ಆಮೇಲೆ ಸತ್ತದ್ದಕ್ಕೆ, ಮತ್ತೆ ಜೀವವಿರುವುದಕ್ಕೆ. ಅವತ್ತು ಚಿಕ್ಕ ದೊರೆಯ ಮೀಟರು ಕೆಟ್ಟಿತ್ತು, ಏನೂ ಇಲ್ಲ ಎಂದು ತೋರಿಸಿತು. ನಮಗೆ ಯಾರೂ ಇದನ್ನು ಕಲಿಸಿರಲಿಲ್ಲ ತಾಯಿ. ನೋಡಿ ನೋಡಿ ಕಲಿತವರು ನಾವು."

ರಾಣಿಯ ಕೈ ಕೊರಳಿನ ಕೀಲಿಗೆ ಹೋಯಿತು. "ಹಾಕಿದವನೇ ತೆಗೆಯಬೇಕಾದ ಬೀಗ. ಹಾಕಿದವನು ಬರಲಿಲ್ಲ. ತೆಗೆಯುವವರು ಯಾರು?"

ತಿಮ್ಮೇಶಿಯ ಕಣ್ಣು ತುಂಬಿ ಬಂತು. "ಮೊದಲು ಅವನನ್ನು ಹುಡುಕಬೇಕು. ಯಂತ್ರದೊಳಗೆ ಇಣುಕಬೇಕು, ಮನೆಗೆ ಹೋಗಿ ಕೂಗಬೇಕು. ಎಲ್ಲೂ ಇಲ್ಲವೆಂದಾದ ಮೇಲೆ ಗಿರಣಿಯ ಹಿರಿಯರು ಎಲ್ಲರ ಮುಂದೆ ನಿಂತು, ಅವನು ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳಿ ತೆಗೆಯಬೇಕು. ಇಲ್ಲಿ ಹಿರಿಯರು ನೀವು, ತಾಯಿ. ಹೇಳಿದ್ದು ತಪ್ಪಾದರೆ ನನ್ನ ತಲೆಯನ್ನೂ ತೆಗೆಯಿರಿ."

ರಾಣಿ ಕೊರಳಿನ ಕೀಲಿಯನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡಳು.

"ಉತ್ತರ ನನಗೆ ಗೊತ್ತಿತ್ತು, ಹೇಳುವ ಧೈರ್ಯ ಇರಲಿಲ್ಲ" ಎಂದಳು. "ಏನು ಬೇಡುತ್ತೀಯ?"

"ಸೆರೆಯಲ್ಲಿರುವವರನ್ನೆಲ್ಲ ಬಿಡಿ. ದುಡಿಯುವ ನಮ್ಮಂಥವರಿಗೆ ಒಂದು ಪಾಠಶಾಲೆ ಕೊಡಿ. ಕೆಲಸ ಬಿಟ್ಟು ಬರಲು ನಮ್ಮಿಂದಾಗದು, ಪಾಳಿ ಮುಗಿದ ಮೇಲೆ ಕಲಿಯುತ್ತೇವೆ."

ರಾಣಿ ಬರಿಗಾಲಲ್ಲಿ ಗಿರಣಿಗೆ ನಡೆದು ಹೋದಳು. ಊರಿಗೆ ಊರೇ ಹಿಂದೆ ಬಂತು. ಸ್ವಿಚ್ಚಿನ ಮುಂದೆ ನಿಂತು, "ನನ್ನ ಮಗ ಬರುವುದಿಲ್ಲ" ಎಂದಳು. ಕೀಲಿ ತಿರುಗಿಸಿ ಬೀಗ ತೆಗೆದಳು. ತಿಮ್ಮೇಶಿ ಹತ್ತಿರವೇ ನಿಂತು ಅತ್ತ.

ಕರಿಬಸಪ್ಪ ಮನೆ ಸೇರಿದ. ಪಾಠಶಾಲೆಗೆ ತಿಮ್ಮೇಶಿಯೇ ಮೇಷ್ಟ್ರಾದ. ಹೊಸದಾಗಿ ಸೇರಿದ ಕೆಲಸಗಾರರಿಗೆಲ್ಲ ಒಂದೊಂದು ಬೀಗ, ಒಂದೊಂದು ಕೀಲಿ. ಅದನ್ನು ಕೊಡಲು ರಾಣಿ ತಾನೇ ಬರುತ್ತಿದ್ದಳು, ನರೆತ ಗಡ್ಡದವರ ಕೊರಳಿಗೂ ಕೀಲಿ ಕಟ್ಟಿ, ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದಳು:

"ಸಂಜೆ ನಿನ್ನ ಕೈಯಿಂದಲೇ ತೆಗಿ, ಮಗಾ."