ನೆನೆದ ಸಿಂಬೆ

"ಬುದ್ಧಿ, ದಿನವೂ ನಾನೇ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಹಣೆಗೂ ಯಂತ್ರ ಹಿಡಿಯುತ್ತೇನೆ. ಜ್ವರವಿದ್ದವರನ್ನು ಅಲ್ಲಿಂದಲೇ ಹಿಂದಕ್ಕೆ ಕಳಿಸುತ್ತೇನೆ. ಇಷ್ಟಾದರೂ ರೋಗ ಒಳಗೆ ಬಂದದ್ದು ಹೇಗೆ?"

ಮಠದ ಹಾಸ್ಟೆಲು ಕಟ್ಟಿಸುವ ಹೊಣೆ ಹೊತ್ತಿದ್ದ ಶಿಷ್ಯ ನಿರ್ವಾಣಪ್ಪ ಹೀಗೆ ಕೇಳಿದಾಗ ಅವನ ದನಿಯಲ್ಲಿ ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಅದು ಕೊರೋನಾ ಕಾಲ. ಹಿಂದಿನ ದಿನ ಅವನ ಕೆಲಸದವರಲ್ಲಿ ಮೂವರು ಒಟ್ಟಿಗೇ ಹಾಸಿಗೆ ಹಿಡಿದಿದ್ದರು. ಗುರುಗಳು ಅವನನ್ನು ದೂರದಲ್ಲೇ ಕೂರಿಸಿ ಒಂದು ಕತೆ ಹೇಳಿದರು.

ಒಂದು ಊರಿಗೆ ಅಂಟುಜ್ವರ ಬಂದಿತ್ತು. ಅಲ್ಲಿ ಒಬ್ಬ ಮೇಸ್ತ್ರಿ ದೊಡ್ಡದೊಂದು ಕಟ್ಟಡ ಎಬ್ಬಿಸುತ್ತಿದ್ದ. ಕೆಟ್ಟವನೇನಲ್ಲ. ತನ್ನ ಆಳುಗಳು ಸಾಯಬಾರದೆಂದು ನಿಜವಾಗಿಯೂ ಬಯಸಿದವನು. ಬೆಳಗಾದರೆ ಬಾಗಿಲಲ್ಲಿ ನಿಂತು ಪ್ರತಿಯೊಬ್ಬರ ಹಣೆ ಮುಟ್ಟಿ ನೋಡುತ್ತಿದ್ದ. ಬಿಸಿಯಿದ್ದರೆ "ವಾಸಿಯಾದ ಮೇಲೆ ಬಾ" ಎಂದು ಕಳಿಸಿಬಿಡುತ್ತಿದ್ದ. ಅತ್ತರೂ ಬಿಡುತ್ತಿರಲಿಲ್ಲ, ಕಾಲಿಗೆ ಬಿದ್ದರೂ ಬಿಡುತ್ತಿರಲಿಲ್ಲ. ಮೊದಲ ವಾರ ಆರು ಮಂದಿ ಹಿಂದಕ್ಕೆ ಹೋದರು. ಆಮೇಲೆ ಒಬ್ಬರ ಹಣೆಯೂ ಬಿಸಿಯಿರಲಿಲ್ಲ. ಊರಿಗೆಲ್ಲ ಬಂದ ಜ್ವರ ತನ್ನ ಕಟ್ಟಡದೊಳಗೆ ಕಾಲಿಡಲಿಲ್ಲ ಎಂದು ಮೇಸ್ತ್ರಿ ಕಂಡಕಂಡವರಿಗೆ ಹೇಳಿಕೊಂಡು, ಎದೆಯುಬ್ಬಿಸಿ ತಿರುಗಿದ.

ಗಾರೆ ಹೊರುವವರಲ್ಲಿ ಒಬ್ಬ ಹೆಂಗಸಿದ್ದಳು. ಒಂದು ಮಧ್ಯಾಹ್ನ ಮೇಲಿನ ಅಂತಸ್ತಿನಲ್ಲಿ ಅವಳು ಬಾಂಡಲಿ ಹೊತ್ತವಳು ಹಾಗೇ ತೂರಾಡಿದಳು. ಪಕ್ಕದಲ್ಲಿದ್ದ ಮೇಸ್ತ್ರಿ ಅವಳ ರಟ್ಟೆ ಹಿಡಿದು ಒಳಕ್ಕೆ ಎಳೆದುಕೊಂಡ. ಬಾಂಡಲಿ ಕೆಳಗೆ ಬಿತ್ತು, ಅವಳು ಉಳಿದಳು. ಆದರೆ ಅವಳ ರಟ್ಟೆ ಕಾದ ಹೆಂಚಿನ ಹಾಗೆ ಸುಡುತ್ತಿತ್ತು.

"ಏನವ್ವಾ ಇದು! ಬೆಳಿಗ್ಗೆ ನಿನ್ ಹಣೆ ತಣ್ಣಗಿತ್ತಲ್ಲ?"

ಅವಳು ತಲೆಯ ಮೇಲಿನ ಬಟ್ಟೆಯ ಸಿಂಬೆಯನ್ನು ತೆಗೆದು ತೋರಿಸಿದಳು. "ಇದನ್ನ ನೆನೆಸಿ ಹಣೆಗೆ ಒತ್ಕಂಡಿದ್ದೆ ಕಣಣ್ಣ. ಎಲ್ಲಾರೂ ಒತ್ಕತೀವಿ. ಬಿಸ್ಲಾಗೆ ನಡ್ಕಂಡು ಬಂದೋರ ಹಣೆನೂ ಸುಡ್ತದೆ, ನೀವು ಜ್ವರ ಅಂತ ಕಳಿಸ್ಬಿಟ್ರೆ ಕೂಲಿ ಹೋಗಾಕಿಲ್ವಾ? ಬಾಗ್ಲ ಪಕ್ಕದ ಗೋಡೆ ಹಿಂದೆ ನೀರಿನ ತೊಟ್ಟಿ ಅದೆಯಲ್ಲ, ಅಲ್ಲಿ ಸಾಲಾಗಿ ನಿಂತ್ಕತೀವಿ. ನನ್ ಸಿಂಬೆನೇ ದಪ್ಪ, ಸಂದಾಗಿ ನೀರು ಹಿಡೀತದೆ. ಇದನ್ನೇ ಎಲ್ಲಾರಿಗೂ ಕೊಡ್ತೀನಿ."

ಮಾಡಿದ್ದನ್ನು ಅವಳು ಉಪಕಾರವೆಂದೇ ತಿಳಿದಿದ್ದಳು. ಮೇಸ್ತ್ರಿ ಅವಳನ್ನು ಮನೆಗೆ ಕಳಿಸಿದ. ನಂಬಲಾಗದೆ ಮರುದಿನ ಹೊತ್ತಿಗೆ ಮೊದಲೇ ಬಂದು ಗೋಡೆಯ ಹಿಂದೆ ಇಣುಕಿದ.

ನಲವತ್ತು ಮಂದಿ ಸಾಲಾಗಿ ನಿಂತಿದ್ದರು. ಒಂದೇ ಸಿಂಬೆ ಹಣೆಯಿಂದ ಹಣೆಗೆ ಹೋಗುತ್ತಿತ್ತು. ಕೆಮ್ಮುವವನು ಅದರಲ್ಲೇ ಮೂಗು ಬಾಯಿ ಒರೆಸಿಕೊಂಡು ಮುಂದಿನವನ ಕೈಗೆ ಕೊಟ್ಟ. ಜ್ವರವಿಲ್ಲದವನೂ ಹೆದರಿ ಅದನ್ನು ಹಣೆಗೆ ಒತ್ತಿಕೊಂಡ. ಆ ಹೆಂಗಸು ಮಾತ್ರ ಅಲ್ಲಿರಲಿಲ್ಲ. ಏಳಲಾಗದೆ ಮಲಗಿದ್ದವಳು ಪಕ್ಕದ ಮನೆಯವಳ ಕೈಲಿ ಸಿಂಬೆಯನ್ನು ಕಳಿಸಿಕೊಟ್ಟಿದ್ದಳು.

ಮೇಸ್ತ್ರಿ ಗೋಡೆಗೆ ಒರಗಿ ತನ್ನ ಅಂಗೈ ನೋಡಿಕೊಂಡ. ಅದೂ ದಿನವೂ ಅದೇ ನಲವತ್ತು ಹಣೆಗಳನ್ನು ಸಾಲಾಗಿ ಮುಟ್ಟಿತ್ತು. ವಾರ ಕಳೆಯುವುದರೊಳಗೆ ಆ ಹೆಂಗಸು ಸತ್ತಳು. ಉಳಿದ ಆಳುಗಳೂ ಜ್ವರಕ್ಕೆ ಬಿದ್ದು ಕಟ್ಟಡ ಅರ್ಧಕ್ಕೆ ನಿಂತಿತು.

ಗುರುಗಳು ಕತೆ ನಿಲ್ಲಿಸಿದರು. ತನ್ನ ಹಾಸ್ಟೆಲಿನ ನೀರಿನ ತೊಟ್ಟಿಯೂ ಬಾಗಿಲ ಪಕ್ಕದಲ್ಲೇ ಇರುವುದು ನಿರ್ವಾಣಪ್ಪನಿಗೆ ಆಗ ನೆನಪಾಯಿತು. ಆದರೂ ಸೋಲೊಪ್ಪಲು ಮನಸ್ಸು ಬರಲಿಲ್ಲ.

"ಆ ಆಳುಗಳು ಕಪಟ ಮಾಡಿ ತಾವೇ ಕೆಟ್ಟರಲ್ಲ ಬುದ್ಧಿ! ಅದರಲ್ಲಿ ಮೇಸ್ತ್ರಿಯ ತಪ್ಪೇನು?"

"ನೀನು ಹಿಂದಕ್ಕೆ ಕಳಿಸಿದವರ ಮನೆಯಲ್ಲಿ ಅಂದು ಒಲೆ ಉರಿಯಿತೇ, ನಿರ್ವಾಣಪ್ಪ?"