ತೂಕ ಮುಚ್ಚಿಟ್ಟ ಆನೆಯಮ್ಮ

ಆನೆಯಮ್ಮ ತನ್ನ ಎರಡು ವರ್ಷದ ಮಗನೊಂದಿಗೆ ಆಮೆಯಣ್ಣನ ಅಂಗಡಿಗೆ ಬಂದು, ಕಾರಿನಲ್ಲಿ ಮಗುವನ್ನು ಕೂರಿಸುವ ಸೀಟು ಕೇಳಿದಳು.

"ಮಗುವಿನ ತೂಕ ಎಷ್ಟಮ್ಮಾ?" ಎಂದ ಆಮೆಯಣ್ಣ.

ತೂಕ ಹೇಳಿದರೆ ಮಗನಿಗೆ ದೃಷ್ಟಿ ತಾಗೀತೆಂದು ಆನೆಯಮ್ಮನಿಗೆ ಭಯ. "ತೂಕ ಎಲ್ಲಿಂದ ಬರಬೇಕಣ್ಣಾ? ಒಂದು ತುತ್ತೂ ತಿನ್ನುವುದಿಲ್ಲ. ಸೊರಗಿ ಕಡ್ಡಿಯಾಗಿದ್ದಾನೆ" ಎಂದಳು. ಮಗ ಆಗ ಅಂಗಡಿಯ ಬಾಗಿಲಿಗೆ ಕಟ್ಟಿದ್ದ ಬಾಳೆಕಂಬವನ್ನು ತಿಂದು ಮುಗಿಸುತ್ತಿದ್ದ.

ಆಮೆಯಣ್ಣ ಮೊಲದ ಮರಿಯ ಸೀಟು ತಂದಿಟ್ಟ. ಮಗ ಕೂತ. ಬೆಲ್ಟು ಅರ್ಧ ಹೊಟ್ಟೆಗೇ ನಿಂತಿತು.

"ಬೆಲ್ಟೇ ಸಾಲುತ್ತಿಲ್ಲ! ಬ್ರೇಕ್ ಹಾಕಿದರೆ ನನ್ನ ಮಗ ಹಾರಿ ಗಾಜಿಗೆ ಬಡಿಯುವುದಿಲ್ಲವೇ?" ಎಂದು ಆನೆಯಮ್ಮ ರೇಗಿದಳು.

"ನೀವು ಹೇಳಿದ ಮಗುವಿಗೆ ಈ ಸೀಟು ಸರಿಯಾಗಿದೆ. ಕರೆದುಕೊಂಡು ಬಂದ ಮಗುವಿಗೆ ಬೇಕಾದರೆ ತೂಕ ಹೇಳಿ" ಎಂದ ಆಮೆಯಣ್ಣ.

ಆನೆಯಮ್ಮ ಸುತ್ತ ನೋಡಿ, ಬಗ್ಗಿ, ಅವನ ಕಿವಿಯಲ್ಲಿ ತೂಕ ಹೇಳಿದಳು. ಆಮೆಯಣ್ಣನ ತಲೆ ಚಿಪ್ಪಿನೊಳಗೆ ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ತಲೆ ಹೊರಹಾಕಿ, ಅಗಲವಾದ ಗಟ್ಟಿ ಸೀಟು ತಂದ. ಬೆಲ್ಟು ಟಕ್ಕೆಂದು ಕೂತಿತು.

ಹೊರಡುವ ಮುಂಚೆ ಆನೆಯಮ್ಮ ಕಾಡಿಗೆ ತೆಗೆದು, ಮಗನ ಕೆನ್ನೆಗೊಂದು, ಸೀಟಿಗೊಂದು ದೃಷ್ಟಿಬೊಟ್ಟು ಇಟ್ಟಳು.